ಮಗಳಿಗಿಟ್ಟ ಹೆಸರು

ಹೆಣ್ಣುಮಗುವಿಗೆ ಎಂತಹ ಹೆಸರನ್ನಿಡಬೇಕೆಂಬುದನ್ನು ಕುರಿತು ನಮ್ಮ ಧರ್ಮಶಾಸ್ತ್ರಕಾರರು ಬಹು ಸೂಕ್ಷ್ಮವಾಗಿ ಆಲೋಚಿಸಿದ್ದರು. ಆ ಹೆಸರು ಸುಲಭವಾಗಿ ಉಚ್ಚರಿಸುವಂತಿರಬೇಕು, ಅರ್ಥ ಸ್ಫುಟವಾಗಿರಬೇಕು, ಕ್ರೌರ್ಯದ ಛಾಯೆ ಅದರಲ್ಲಿ ಇರಕೂಡದು, ಮನೋಹರವೂ ಮಂಗಳಕರವೂ ಆಗಿದ್ದು ದೀರ್ಘಸ್ವರದಲ್ಲಿ ಮುಗಿಯಬೇಕು, ಆಶೀರ್ವಾದವೊಂದನ್ನು ತನ್ನೊಳಗೆ ಧರಿಸಿರಬೇಕು ಎಂದು ಮನುಸ್ಮೃತಿಯ ಎರಡನೆಯ ಅಧ್ಯಾಯ ವಿಧಿಸುತ್ತದೆ. ಗಂಡುಮಗುವಿನ ಹೆಸರಿಗೆ ಎರಡು ಅಥವಾ ನಾಲ್ಕು ಅಕ್ಷರಗಳೂ ಹೆಣ್ಣುಮಗುವಿನ ಹೆಸರಿಗೆ ವಿಷಮಸಂಖ್ಯೆಯ ಅಕ್ಷರಗಳೂ ಇರತಕ್ಕದ್ದೆಂದು ಪಾರಸ್ಕರ ಗೃಹ್ಯಸೂತ್ರ ಎಣಿಕೆಯನ್ನೇ ಹಾಕಿಕೊಡುತ್ತದೆ. ಆದರೆ ಅದೇ ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ, ವರಿಸಲು ತಕ್ಕ ಕನ್ಯೆ ಯಾರು, ಅಲ್ಲದವಳು ಯಾರು ಎಂದು ವಿವೇಚಿಸುವ ಪ್ರಸಂಗದಲ್ಲಿ, ನಕ್ಷತ್ರದ ಹೆಸರಿನವಳು ಬೇಡ, ವೃಕ್ಷದ ಹೆಸರಿನವಳು ಬೇಡ, ನದಿಯ, ಪರ್ವತದ, ಪಕ್ಷಿಯ, ಸರ್ಪದ ಹೆಸರಿನವಳು ಬೇಡ ಎಂಬ ನಿಷೇಧವೊಂದು ಎದುರಾಗುತ್ತದೆ. ಈ ನಿಷೇಧವನ್ನು ನಮ್ಮ ತಾಯಂದಿರು ಲಕ್ಷಿಸಿದಂತೆ ಕಾಣುವುದಿಲ್ಲ. ಲಕ್ಷಿಸಿದ್ದರೆ ರೋಹಿಣಿ, ರೇವತಿ, ಸ್ವಾತಿ, ಗಂಗೆ, ಯಮುನೆ, ತುಂಗೆ, ಕಾವೇರಿ ಎಂದು ಮನೆಮನೆಯ ತೊಟ್ಟಿಲುಗಳಲ್ಲಿ ಕೂಗಿದ ಹೆಸರುಗಳು ಇಷ್ಟು ತಲೆಮಾರುಗಳನ್ನು ದಾಟಿ ನಮ್ಮವರೆಗೆ ಉಳಿದುಬರುತ್ತಿರಲಿಲ್ಲ.

ಗಂಡಿನ ಹೆಸರಿಗೂ ಅರ್ಥವಿದೆ, ಇತಿಹಾಸವಿದೆ. ಆದರೆ ಹೆಣ್ಣಿನ ಹೆಸರನ್ನು ವಿಚಾರಿಸಿದಾಗ ಹೊರಬೀಳುವ ಸಂಗತಿಗಳು ಬೇರೊಂದು ಬಗೆಯವು. ಲೋಕ ಅವಳನ್ನು ಹೇಗೆ ಬರಮಾಡಿಕೊಂಡಿತು, ಹೂವೆಂದೋ, ಹೊರೆಯೆಂದೋ, ತಂದೆಯ ಮನೆತನದ ಮುದ್ರೆಯೆಂದೋ, ತೀರಿಹೋದ ಅಜ್ಜಿಯ ಮರುಹುಟ್ಟೆಂದೋ ಎಂಬುದೆಲ್ಲ ಆ ಎರಡು ಮೂರು ಅಕ್ಷರಗಳಲ್ಲಿ ಅಚ್ಚೊತ್ತಿದಂತೆ ಉಳಿದಿರುತ್ತದೆ. ಹೆಸರು ಅವಳದು, ಅದರೊಳಗಿನ ಮಾತು ಬಹುಪಾಲು ಹೆಸರಿಟ್ಟವರದು. ದೇಶದೇಶಗಳ ಸ್ತ್ರೀನಾಮಗಳನ್ನು ಈ ದೃಷ್ಟಿಯಿಂದ ನೋಡುತ್ತ ಹೋದರೆ, ನಿಘಂಟುಗಳು ಕೊಡುವ ಅರ್ಥಕ್ಕಿಂತ ಹೆಚ್ಚಿನದೊಂದು ಕಾಣತೊಡಗುತ್ತದೆ.

ಹೂವಿನಿಂದಲೇ ಆರಂಭಿಸೋಣ. ಕಳೆದ ಶತಮಾನದ ಪೂರ್ವಾರ್ಧದಲ್ಲಿ ಕನ್ನಡನಾಡಿನ ಮನೆಗಳಲ್ಲಿ ಹುಟ್ಟಿದ ಹೆಣ್ಣುಮಕ್ಕಳನ್ನು ನೆನೆದರೆ ಕಮಲ, ಪದ್ಮ, ಪದ್ಮಿನಿ, ಸರೋಜ, ಸರೋಜಿನಿ, ನಳಿನಿ, ಅಂಬುಜ, ಜಲಜ, ವನಜ, ನೀರಜ, ಪಂಕಜ ಎಂಬ ಹೆಸರುಗಳು ಸಾಲುಗಟ್ಟಿ ಬರುತ್ತವೆ. ಹೂ ಒಂದೇ, ಅದು ನೀರಿನಲ್ಲಿ ಹುಟ್ಟಿದ್ದು, ಸರಸ್ಸಿನಲ್ಲಿ ಹುಟ್ಟಿದ್ದು, ಕೆಸರಿನಲ್ಲಿ ಹುಟ್ಟಿದ್ದು ಎಂದು ಜನ್ಮಸ್ಥಾನವನ್ನು ಬಗೆಬಗೆಯಾಗಿ ನುಡಿದು ಸಂಸ್ಕೃತಭಾಷೆ ಒಂದು ತಾವರೆಗೆ ಇಷ್ಟು ಹೆಸರುಗಳನ್ನು ಒದಗಿಸಿಕೊಟ್ಟಿತು. ವನಜ ಎಂಬಲ್ಲಿಯ ವನ ಕಾಡಲ್ಲ. ಸಂಸ್ಕೃತದಲ್ಲಿ ವನವೆಂದರೆ ನೀರೂ ಹೌದು. ಈಗ ನಮ್ಮ ನಾಡಿನಿಂದ ಬಹುದೂರ ಹೋಗಿ ನೈಲ್ ನದಿಯ ತೀರದಲ್ಲಿ ನಿಂತರೆ, ಅಲ್ಲಿಯ ಪ್ರಾಚೀನ ಜನ ತಮ್ಮ ನೀರಿನಲ್ಲಿ ಅರಳುತ್ತಿದ್ದ ತಾವರೆ-ನೈದಿಲೆಗಳ ಜಾತಿಯ ಹೂವನ್ನು ಸೆಶೆನ್ ಎಂದು ಕರೆಯುತ್ತಿದ್ದರೆಂದು ತಿಳಿದುಬರುತ್ತದೆ. ಈ ಪದ ಹೀಬ್ರೂ ಭಾಷೆಗೆ ಹೋಗಿ ಶೋಶನ್ನಾ ಆಯಿತು, ಲಿಲ್ಲಿ ಹೂವನ್ನು ಸೂಚಿಸಿತು. ಗ್ರೀಕರ ಬಾಯಲ್ಲಿ ಸುಸನ್ನಾ ಆಯಿತು. ಅಲ್ಲಿಂದ ಯೂರೋಪಿನ ಭಾಷೆಗಳಿಗೆಲ್ಲ ಹರಡಿ ಸುಸಾನ್, ಸೂಜನ್, ಸುಜೆಟ್ ಎಂದು ರೂಪಾಂತರಗೊಂಡಿತು. ಪಾರಸಿಯಲ್ಲಿಯೂ ಸೂಸನ್ ಎಂಬುದು ಹೂವಿನ ಹೆಸರೂ ಹೌದು, ಹೆಣ್ಣಿನ ಹೆಸರೂ ಹೌದು. ಒಂದೇ ತರಗತಿಯಲ್ಲಿ ಅಕ್ಕಪಕ್ಕದಲ್ಲಿ ಕುಳಿತು ಓದಿದ ಸೂಜನ್ ಮತ್ತು ಸರೋಜ ಎಂಬ ಬಾಲಿಕೆಯರು ತಾವಿಬ್ಬರೂ ನೀರುಹೂವಿನ ಹೆಸರನ್ನೇ ಹೊತ್ತವರೆಂದು ತಿಳಿದಿದ್ದರೆ ಎಷ್ಟು ಸಂತೋಷಪಡುತ್ತಿದ್ದರೋ!

ಹೂವಿಗಿಂತಲೂ ದೂರ ಪ್ರಯಾಣ ಮಾಡಿದ್ದು ಮುತ್ತು. ಗ್ರೀಕರು ಮುತ್ತಿಗೆ ಮಾರ್ಗರಿಟೇಸ್ ಎಂದರು. ಆ ಶಬ್ದ ಅವರದಲ್ಲ, ಇರಾನಿನ ಕಡೆಯಿಂದ ಮುತ್ತಿನ ಜೊತೆಯಲ್ಲಿಯೇ ಬಂದದ್ದು. ಪಾರಸಿಯಲ್ಲಿ ಇಂದಿಗೂ ಮುತ್ತಿಗೆ ಮರ್ವಾರೀದ್ ಎನ್ನುತ್ತಾರೆ, ಹೆಣ್ಣುಮಕ್ಕಳಿಗೆ ಆ ಹೆಸರನ್ನು ಇಡುತ್ತಾರೆ. ಅಂತಿಯೋಕಿಯದ ಸಂತಳೊಬ್ಬಳ ಹೆಸರಾಗಿ ಕ್ರೈಸ್ತ ಲೋಕವನ್ನೆಲ್ಲ ಸುತ್ತಿದ ಈ ಮಾರ್ಗರೆಟ್, ಜರ್ಮನಿಯಲ್ಲಿ ಗ್ರೇಟಾ ಮತ್ತು ಗ್ರೆಟ್ಚೆನ್, ಹಂಗೇರಿಯಲ್ಲಿ ಮಾರ್ಗಿಟ್, ಇಂಗ್ಲೆಂಡಿನ ಅಡುಗೆಮನೆಗಳಲ್ಲಿ ಮೆಗ್ ಮತ್ತು ಪೆಗಿ, ಇಟಲಿಯಲ್ಲಿ ರೀಟಾ ಆದಳು. ಫ್ರೆಂಚರು ಬಿಳಿಯ ದಳಗಳ ಪುಟ್ಟ ಹೂವೊಂದಕ್ಕೂ ಮಾರ್ಗರೀತ್ ಎಂದೇ ಹೆಸರಿಟ್ಟರು. ಆ ಹೂವಿಗೆ ಇಂಗ್ಲಿಷಿನಲ್ಲಿ ಡೇಸಿ ಎಂದು ಹೆಸರಿದ್ದುದರಿಂದ, ಇಂಗ್ಲೆಂಡಿನ ಮಾರ್ಗರೆಟ್‌ಗಳನ್ನು ಮುದ್ದಿನಿಂದ ಡೇಸಿ ಎಂದು ಕರೆಯುವುದು ರೂಢಿಗೆ ಬಂದಿತು. ಮುತ್ತು ಹೂವಾದದ್ದು ಹೀಗೆ. ಅರಬರ ಲುಲು, ಬಂಗಾಳದ ಮುಕ್ತಾ, ನಮ್ಮ ಹಳ್ಳಿಗಳ ಮುತ್ತಮ್ಮ ಮತ್ತು ಮುತ್ತವ್ವ ಇವರೆಲ್ಲ ಮಾರ್ಗರೆಟ್ಟಳ ನೆಂಟರೆಂದು ಹೇಳಬಹುದು, ಶಬ್ದದಿಂದಲ್ಲ, ಅರ್ಥದಿಂದ. ಕಡಲಿನ ತಳದಿಂದ ಪ್ರಾಣವನ್ನು ಪಣವಾಗಿಟ್ಟು ತೆಗೆಯಬೇಕಾದ ವಸ್ತುವಿನ ಹೆಸರನ್ನು ಮಗಳಿಗಿಟ್ಟ ತಂದೆತಾಯಿಗಳು ಎಲ್ಲ ದೇಶಗಳಲ್ಲಿಯೂ ಇದ್ದರೆಂಬುದು ಸಮಾಧಾನದ ಸಂಗತಿ.

ಈ ರೀಟಾ ಎಂಬ ಹೆಸರು ನಮ್ಮ ನಗರಗಳಿಗೂ ಬಂದಿದೆ, ಋತ ಎಂಬ ವೈದಿಕ ಶಬ್ದದ ನೆನಪಿನಲ್ಲಿ ರೀತಾ ಎಂದು ಬರೆಯುವವರೂ ಇದ್ದಾರೆ. ಐರ್ಲೆಂಡಿನ ಶೀಲಾ ರೋಮನರ ಕೇಸಿಲಿಯಾ ಎಂಬ ಕುಲನಾಮದಿಂದ ಸವೆದು ಬಂದವಳು, ಆ ಕುಲನಾಮದ ಮೂಲದಲ್ಲಿ ಕುರುಡು ಎಂಬರ್ಥದ ಲ್ಯಾಟಿನ್ ಶಬ್ದವಿದೆ. ನಮ್ಮ ಶೀಲಾ ನಡತೆಯ ಸೊಬಗನ್ನು ಹೇಳುವವಳು. ಸ್ಪೇನಿನ ಅನಿತಾ ಎಂದರೆ ಪುಟ್ಟ ಅನ್ನಾ, ಅನ್ನಾ ಎಂದರೆ ಹೀಬ್ರೂವಿನಲ್ಲಿ ಕೃಪೆ. ಇಂತಹ ಅನಿರೀಕ್ಷಿತ ಹೋಲಿಕೆಗಳನ್ನು ಆಧರಿಸಿ ಎರಡು ಲೋಕಗಳಲ್ಲಿಯೂ ಸಲ್ಲುವ ಹೆಸರನ್ನು ಮಗಳಿಗೆ ಆರಿಸುವ ಪದ್ಧತಿ, ಪರದೇಶಗಳಲ್ಲಿ ನೆಲೆಸಿದ ಕನ್ನಡಿಗರಲ್ಲಿ ಇಂದು ಹೆಚ್ಚಾಗಿದೆ. ಅದರಲ್ಲಿ ದೋಷವೇನೂ ನನಗೆ ಕಾಣುವುದಿಲ್ಲ. ಹೆಸರನ್ನು ಕರೆಯುವವರು ತಡವರಿಸದೆ ಕರೆಯಲೆಂಬುದು ಮನುವಿನ ಆಶಯವೂ ಆಗಿತ್ತಲ್ಲವೆ!

ಮಕ್ಕಳು ಹುಟ್ಟುವುದಕ್ಕಿಂತ ಬದುಕುವುದೇ ದುರ್ಲಭವಾಗಿದ್ದ ಕಾಲದ ಹೆಸರುಗಳು ಇನ್ನೊಂದು ಗುಂಪು. ಅರಬ್ಬಿಯ ಆಯಿಶಾ ಎಂದರೆ ಬದುಕಿರುವವಳು. ಹೀಬ್ರೂವಿನ ಹವ್ವಾ, ಅಂದರೆ ಆದಿಮಾತೆ ಈವ್, ಜೀವವೆಂಬ ಅರ್ಥವನ್ನೇ ಹೊತ್ತವಳು. ಬೈಬಲ್ಲನ್ನು ಗ್ರೀಕಿಗೆ ಪರಿವರ್ತಿಸಿದ ಪ್ರಾಚೀನ ಪಂಡಿತರು ಆಕೆಯ ಹೆಸರನ್ನೂ ಅನುವಾದಿಸಿ ಜೋಯೆ ಎಂದರು. ಖದೀಜಾ ಎಂದರೆ ದಿನ ತುಂಬುವ ಮೊದಲೇ ಹುಟ್ಟಿದ ಕೂಸು. ಫಾತಿಮಾ ಎಂಬ ಹೆಸರಿನಲ್ಲಿ ಹಾಲು ಬಿಡಿಸುವುದರ ಪ್ರಸ್ತಾಪವಿದೆ. ಬಾಣಂತಿಯ ಕೋಣೆಯ ಮಾತುಗಳಿವು, ಕಾವ್ಯದವಲ್ಲ. ಆದುದರಿಂದಲೇ ಇವುಗಳ ಆಪ್ತತೆ ಹೆಚ್ಚು. ಕುರಿಮಂದೆಗಳೊಡನೆ ಬಾಳಿದ ಹೀಬ್ರೂ ಜನಾಂಗ ತನ್ನ ಹೆಣ್ಣುಮಕ್ಕಳನ್ನು ರಾಹೇಲ್, ಅಂದರೆ ಹೆಣ್ಣುಕುರಿ ಎಂದಿತು. ಯಾಯೇಲ್, ಅಂದರೆ ಕಾಡುಮೇಕೆ ಎಂದಿತು. ದೆಬೋರಾ, ಅಂದರೆ ಜೇನುನೊಣ ಎಂದಿತು. ತಾಮಾರ್, ಅಂದರೆ ಖರ್ಜೂರದ ಮರ ಎಂದಿತು. ಆ ಜೇನುನೊಣದ ಹೆಸರಿನವಳೇ ಮರದ ನೆರಳಲ್ಲಿ ಕುಳಿತು ಜನರ ವ್ಯಾಜ್ಯಗಳನ್ನು ತೀರ್ಮಾನಿಸಿದಳು, ಯುದ್ಧವನ್ನು ನಡೆಸಿದಳು. ಇದೇ ಪರಂಪರೆಯಲ್ಲಿ ನವೊಮಿ ಎಂಬ ಹೆಂಗಸೊಬ್ಬಳ ಕಥೆಯಿದೆ. ಸುಖಮಯಿ ಎಂಬ ಅರ್ಥದ ಹೆಸರನ್ನು ಹೊತ್ತು ಪರದೇಶಕ್ಕೆ ಹೋದವಳು, ಗಂಡನನ್ನೂ ಇಬ್ಬರು ಮಕ್ಕಳನ್ನೂ ಮಣ್ಣಿಗೊಪ್ಪಿಸಿ ಊರಿಗೆ ಮರಳಿದಾಗ, ಇನ್ನು ಮೇಲೆ ತನ್ನನ್ನು ಆ ಹೆಸರಿನಿಂದ ಕರೆಯದೆ ಮಾರಾ, ಅಂದರೆ ಕಹಿ ಎಂದು ಕರೆಯಿರೆಂದು ನೆರೆಹೊರೆಯವರನ್ನು ಕೇಳಿಕೊಳ್ಳುತ್ತಾಳೆ. ತನ್ನ ಹೆಸರನ್ನು ತಾನೇ ಇಟ್ಟುಕೊಂಡ ಹೆಂಗಸರು ಪ್ರಾಚೀನ ಗ್ರಂಥಗಳಲ್ಲಿ ವಿರಳ. ಇವಳು ದುಃಖದ ಬಲದಿಂದ ಆ ಅಧಿಕಾರವನ್ನು ಕೈಗೆತ್ತಿಕೊಂಡಳು.

ಹೆಣ್ಣಿನ ಹೆಸರಿನಲ್ಲಿ ಕ್ರೌರ್ಯದ ಸೂಚನೆಯಿರಬಾರದೆಂದ ಸ್ಮೃತಿಕಾರ ಉತ್ತರ ಯೂರೋಪಿನ ಪ್ರಾಚೀನ ಜರ್ಮಾನಿಕ್ ಜನರನ್ನು ಕಂಡಿದ್ದರೆ ಬೆರಗಾಗುತ್ತಿದ್ದನು. ಮಟಿಲ್ಡಾ ಎಂದರೆ ಬಲ ಮತ್ತು ಸಮರ. ಬ್ರೂನ್‌ಹಿಲ್ಡ್ ಎಂದರೆ ಕವಚ ಮತ್ತು ಸಮರ. ಗರ್ಟ್ರೂಡ್ ಎಂದರೆ ಈಟಿ ಮತ್ತು ಶಕ್ತಿ. ಗುನ್‌ಹಿಲ್ಡ್ ಎಂಬಲ್ಲಿ ಎರಡು ಭಾಗಗಳಿಗೂ ಯುದ್ಧವೆಂದೇ ಅರ್ಥ. ಇದಕ್ಕೆ ಕಾರಣ ಆ ತಾಯಂದಿರ ಯುದ್ಧಪ್ರೀತಿಯೆಂದು ತಿಳಿಯಬೇಕಾಗಿಲ್ಲ. ಎರಡು ಪದಗಳನ್ನು ಕೂಡಿಸಿ ಹೆಸರು ಕಟ್ಟುವುದು ಆ ಜನರ ಕ್ರಮವಾಗಿದ್ದಿತು. ತಂದೆಯ ಹೆಸರಿನಿಂದ ಒಂದು ತುಂಡು, ತಾಯಿಯ ಅಥವಾ ಅಜ್ಜಿಯ ಹೆಸರಿನಿಂದ ಇನ್ನೊಂದು ತುಂಡು ಸೇರಿ ಮಗುವಿನ ಹೆಸರಾಗುತ್ತಿತ್ತು, ಆದುದರಿಂದ ಕೂಡಿದ ಪದಕ್ಕೆ ಒಟ್ಟರ್ಥ ಹೊಂದಲೇಬೇಕೆಂಬ ನಿರ್ಬಂಧವಿರಲಿಲ್ಲ. ಸಮರವನ್ನೂ ರಕ್ಷಣೆಯನ್ನೂ ಹೆಸರಿನಲ್ಲಿ ಹೊತ್ತ ಬಿಂಗೆನ್ನಿನ ಹಿಲ್ಡೆಗಾರ್ಡ್ ಸನ್ಯಾಸಿನಿಯಾಗಿ, ಸಂಗೀತವನ್ನು ರಚಿಸಿ, ಗಿಡಮೂಲಿಕೆಗಳ ಗುಣಗಳನ್ನು ಬರೆದಿಟ್ಟು ೧೧೭೯ರಲ್ಲಿ ತೀರಿಕೊಂಡಳು.

ಇಷ್ಟಾದರೂ ಆ ಹೆಂಗಸರಿಗೆ ತಮ್ಮದೇ ಆದ ಹೆಸರಿದ್ದಿತು. ಜಗತ್ತಿಗೆ ನ್ಯಾಯಶಾಸ್ತ್ರವನ್ನು ಕಲಿಸಿದ ರೋಮಿನಲ್ಲಿ, ಗಣರಾಜ್ಯದ ಕಡೆಯ ಶತಮಾನಗಳ ವೇಳೆಗೆ, ಹೆಣ್ಣಿಗೆ ಅಷ್ಟೂ ಉಳಿದಿರಲಿಲ್ಲ. ಗಂಡಸಿಗೆ ಸ್ವಂತ ಹೆಸರು, ಕುಲದ ಹೆಸರು, ಶಾಖೆಯ ಹೆಸರು ಎಂದು ಮೂರು. ಮಗಳಿಗೆ ತಂದೆಯ ಕುಲನಾಮದ ಸ್ತ್ರೀಲಿಂಗರೂಪವೊಂದೇ. ಜೂಲಿಯಸ್ ಕುಲದಲ್ಲಿ ಹುಟ್ಟಿದವಳು ಜೂಲಿಯಾ, ಕಾರ್ನೀಲಿಯಸ್ ಕುಲದವಳು ಕಾರ್ನೀಲಿಯಾ, ಟುಲ್ಲಿಯಸ್ ಕುಲದ ಸಿಸೆರೋವಿನ ಮಗಳು ಟುಲ್ಲಿಯಾ. ಹೆಣ್ಣುಮಕ್ಕಳು ಇಬ್ಬರಿದ್ದರೆ ಹಿರಿಯವಳು, ಕಿರಿಯವಳು. ಹೆಚ್ಚಿದ್ದರೆ ಮೂರನೆಯವಳು, ನಾಲ್ಕನೆಯವಳು. ಜೂಲಿಯಸ್ ಸೀಸರನ ಸೋದರತ್ತೆ ಜೂಲಿಯಾ, ಇಬ್ಬರು ಸೋದರಿಯರೂ ಜೂಲಿಯಾ, ಮಗಳೂ ಜೂಲಿಯಾ. ಮಾರ್ಕ್ ಆಂಟನಿಗೆ ಒಕ್ಟೇವಿಯಾಳಲ್ಲಿ ಹುಟ್ಟಿದ ಇಬ್ಬರೂ ಅಂಟೋನಿಯಾ. ಈಗ ನಾವು ಸುಕುಮಾರವಾದ ಹೆಸರುಗಳೆಂದು ಭಾವಿಸುವ ಇವು ಮೂಲತಃ ಮನೆತನದ ಮುದ್ರೆಗಳು. ಈಜಿಪ್ಟನ್ನಾಳಿದ ಗ್ರೀಕ್ ವಂಶದ ಏಳನೆಯ ಕ್ಲಿಯೋಪಾತ್ರಳಂತಹ ಸಮರ್ಥೆಯ ಹೆಸರಿಗೂ ತಂದೆಯ ಕೀರ್ತಿ ಎಂದೇ ಅರ್ಥ. ಚೀನದ ವಂಶಾವಳಿಗಳಲ್ಲಿ ಮನೆಗೆ ಬಂದ ಸೊಸೆಯನ್ನು ತವರಿನ ಕುಲನಾಮವೊಂದರಿಂದ ಮಾತ್ರ ದಾಖಲಿಸುವ ಪದ್ಧತಿ ಶತಮಾನಗಳವರೆಗೆ ನಡೆಯಿತು.

ದೂರದ ರೋಮನ್ನು ನೋಡಿ ಮರುಗುವ ಮುನ್ನ ನಮ್ಮ ಇತಿಹಾಸಪುರಾಣಗಳನ್ನು ತೆರೆದು ನೋಡಬೇಕು. ಗಾಂಧಾರದಿಂದ ಬಂದವಳು ಗಾಂಧಾರಿ, ಮದ್ರದಿಂದ ಬಂದವಳು ಮಾದ್ರಿ, ಕೇಕಯದವಳು ಕೈಕೇಯಿ, ಕೋಸಲದವಳು ಕೌಸಲ್ಯೆ. ಕುಂತಿಭೋಜನ ಆಶ್ರಯಕ್ಕೆ ಹೋದ ಪೃಥೆ ಕುಂತಿಯಾದಳು. ದ್ರುಪದನ ಮಗಳಾದುದರಿಂದ ದ್ರೌಪದಿ, ಪಾಂಚಾಲದವಳಾದುದರಿಂದ ಪಾಂಚಾಲಿ, ತಂದೆಯ ಇನ್ನೊಂದು ಹೆಸರಿನಿಂದ ಯಾಜ್ಞಸೇನಿ. ಅವಳ ಮೈಬಣ್ಣವನ್ನು ಹೇಳುವ ಕೃಷ್ಣೆ ಎಂಬುದೊಂದೇ ಅವಳಿಗೆ ಸ್ವಂತವಾದದ್ದು. ಜಾನಕಿ, ಮೈಥಿಲಿ, ವೈದೇಹಿ ಎಂಬವೆಲ್ಲ ತಂದೆಗೂ ತೌರುನೆಲಕ್ಕೂ ಸೇರಿದ ಹೆಸರುಗಳು. ನೇಗಿಲಗೆರೆಯೆಂಬ ಅರ್ಥದ ಸೀತೆ ಎಂಬುದರಲ್ಲಿ ಮಾತ್ರ ಯಾವ ಗಂಡಸಿನ ನೆರಳೂ ಇಲ್ಲ. ಜನ ತಮ್ಮ ಹೆಣ್ಣುಮಕ್ಕಳಿಗಾಗಿ ಬಹಳವಾಗಿ ಆಯ್ದುಕೊಂಡದ್ದು ಆ ಹೆಸರನ್ನೇ, ಸೀತಮ್ಮ, ಸೀತವ್ವ, ಸೀತಾಲಕ್ಷ್ಮಿ ಎಂದು.

ಇನ್ನು ಜಪಾನಿನ ಸಂಗತಿ ವಿಚಿತ್ರವಾದುದು. ಸುಮಾರು ಸಾವಿರ ವರ್ಷಗಳ ಹಿಂದೆ ಗೆಂಜಿಯ ಕಥೆ ಎಂಬ ಮಹಾಕೃತಿಯನ್ನು ಬರೆದವಳನ್ನು ಲೋಕವೆಲ್ಲ ಮುರಸಾಕಿ ಶಿಕಿಬು ಎಂದು ಕೊಂಡಾಡುತ್ತದೆ. ಅದು ತಂದೆತಾಯಿಗಳಿಟ್ಟ ಹೆಸರಲ್ಲ. ಶಿಕಿಬು ಎಂಬುದು ಅವಳ ತಂದೆ ಅಧಿಕಾರಿಯಾಗಿದ್ದ ಇಲಾಖೆ. ಮುರಸಾಕಿ ಎಂಬುದು ಅವಳೇ ಸೃಷ್ಟಿಸಿದ ನಾಯಿಕೆಯ ಹೆಸರು. ಅದೇ ಯುಗದಲ್ಲಿ ಅಮೂಲ್ಯವಾದ ದಿನಚರಿಗಳನ್ನು ಬರೆದ ಇನ್ನಿಬ್ಬರನ್ನು ಸಾಹಿತ್ಯಚರಿತ್ರೆ ಇಂದಿಗೂ ಮಿಚಿತ್ಸುನನ ತಾಯಿ, ತಾಕಾಸುಯೆಯ ಮಗಳು ಎಂದೇ ನಿರ್ದೇಶಿಸಬೇಕಾಗಿದೆ. ಅಂತಃಪುರದ ಒಂದೊಂದು ತುಮುಲವನ್ನೂ ಇಷ್ಟು ನಿಚ್ಚಳವಾಗಿ ಹೇಳಿದವರ ಹೆಸರು ಅಳಿದು, ಅವರಿಂದ ಹೆಸರು ಪಡೆದ ಗಂಡಸರು ಉಳಿದರು. ಆ ಕಾಲದ ರಾಜಮನೆತನದ ಹೆಂಗಸರ ಹೆಸರುಗಳ ಕೊನೆಗೆ ಮಗು ಎಂಬ ಅರ್ಥದ ಅಕ್ಷರವೊಂದು ಸೇರುತ್ತಿದ್ದಿತು, ಅದನ್ನೇ ಕೊ ಎಂದು ಓದುವರು. ೧೮೬೮ರ ಮೇಜಿ ಪರಿವರ್ತನೆಯ ತರುವಾಯ ಅದು ಸಾಮಾನ್ಯರ ಮನೆಗಳಿಗೂ ಇಳಿದು, ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಹಾನಾಕೊ, ಯೋಶಿಕೊ, ಕಜುಕೊ ಎಂದು ಇಡೀ ದೇಶವನ್ನೇ ತುಂಬಿತು. ಎಂಬತ್ತು ವರ್ಷದ ಮುದುಕಿಯೂ ಅಲ್ಲಿ ಹೆಸರಿನಿಂದ ಮಗುವೇ.

ಕನ್ನಡದ ಕ್ರಮ ಇದಕ್ಕೆ ನೇರವಾಗಿ ಎದುರಾದುದು. ಇಲ್ಲಿ ಹಸುಗೂಸನ್ನು ತೊಟ್ಟಿಲಿಗೆ ಹಾಕಿದ ದಿನವೇ ತಾಯಿ ಎಂದು ಕರೆಯುತ್ತಾರೆ. ಗೌರಮ್ಮ, ಚೆನ್ನವ್ವ, ನಾಗಕ್ಕ ಎಂಬ ಹೆಸರುಗಳ ಕೊನೆಯಲ್ಲಿ ತಾಯಿಯೂ ಅಕ್ಕನೂ ಕಾದಿರುತ್ತಾರೆ. ಈ ಪದ್ಧತಿಯ ಬೇರು ಬಹಳ ಹಳೆಯದು. ತಾಯಿ ಎಂಬರ್ಥದ ಅಬ್ಬೆ ಎಂಬ ಶಬ್ದ ಹತ್ತನೆಯ ಶತಮಾನದ ಶಾಸನಗಳಲ್ಲಿ ಹೆಣ್ಣಿನ ಹೆಸರುಗಳ ಮೇಲೆ ಕಿರೀಟದಂತೆ ಕುಳಿತಿದೆ. ನಾಗರಖಂಡವನ್ನು ನಾಳ್ಗಾವುಂಡಿಯಾಗಿ ಆಳಿ ಸಲ್ಲೇಖನದಿಂದ ದೇಹತ್ಯಾಗ ಮಾಡಿದ ಜಕ್ಕಿಯಬ್ಬೆಯ ಹೆಸರಿನ ಜಕ್ಕಿ ಸಂಸ್ಕೃತದ ಯಕ್ಷಿಯ ತದ್ಭವ. ಲಕ್ಷ್ಮಿ ಲಕ್ಕಮ್ಮನಾದಂತೆ ಯಕ್ಷಿ ಜಕ್ಕವ್ವಳಾದಳು. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು, ೧೦೦೭ರಲ್ಲಿ ಲಕ್ಕುಂಡಿಯ ಬ್ರಹ್ಮಜಿನಾಲಯವನ್ನು ಕಟ್ಟಿಸಿದಳು. ಆಕೆಯ ಆಶ್ರಯದಲ್ಲಿ ಅಜಿತಪುರಾಣವನ್ನು ರಚಿಸಿದ ರನ್ನ ತನ್ನ ಮಗಳಿಗೆ ಆಕೆಯ ಹೆಸರನ್ನೇ ಇಟ್ಟನು. ಕವಿಚಕ್ರವರ್ತಿಯೊಬ್ಬ ತನ್ನ ಕೃತಜ್ಞತೆಯನ್ನು ಕಾವ್ಯದಲ್ಲಿ ಹೇಳಿ ಮುಗಿಸದೆ ಮಗಳ ಹೆಸರಿನಲ್ಲಿ ಮನೆಯೊಳಕ್ಕೆ ತಂದುಕೊಂಡದ್ದು ನಮ್ಮ ಸಾಹಿತ್ಯದ ಸುಂದರ ಸಂಗತಿಗಳಲ್ಲಿ ಒಂದು. ಚಾಳುಕ್ಯ ರಾಜಕುಮಾರಿ ಅಕ್ಕಾದೇವಿ ಕೋಟೆಗಳನ್ನು ಮುತ್ತಿದಳು, ನಾಡುಗಳನ್ನಾಳಿದಳು. ಉಳ್ಳಾಲದಲ್ಲಿ ಪೋರ್ಚುಗೀಸರನ್ನೆದುರಿಸಿದ ರಾಣಿಯ ಹೆಸರಿನಲ್ಲಿ ಅಬ್ಬೆಯೂ ಅಕ್ಕನೂ ಒಂದಾಗಿ ಅಬ್ಬಕ್ಕ ಎಂದಾಯಿತು.

ಆದರೆ ನನ್ನ ಮನಸ್ಸು ಎಲ್ಲಕ್ಕಿಂತ ಹೆಚ್ಚಾಗಿ ನಿಲ್ಲುವುದು ಹನ್ನೆರಡನೆಯ ಶತಮಾನದ ಶರಣೆಯರ ಹೆಸರುಗಳಲ್ಲಿ. ವಚನಗಳನ್ನು ರಚಿಸಿದ ಮೂವತ್ತಕ್ಕೂ ಹೆಚ್ಚು ಮಹಿಳೆಯರು ನಮಗೆ ಗೊತ್ತಿದ್ದಾರೆ. ಅವರಲ್ಲಿ ಕೆಲವರನ್ನು ಇಂತಹವರ ಪುಣ್ಯಸ್ತ್ರೀ ಎಂದು ಗಂಡನ ಹೆಸರಿನಿಂದ ಗುರುತಿಸುವ ಪದ್ಧತಿ ಅಲ್ಲಿಯೂ ಇದೆ, ನಿಜ; ಆದರೆ ಹಾಗೆ ಗುರುತಿಸುವಾಗಲೂ ಕಾಳವ್ವೆ, ರೇಚವ್ವೆ ಎಂದು ಅವಳ ಸ್ವಂತ ಹೆಸರನ್ನು ಬಿಟ್ಟುಬಿಡಲಿಲ್ಲ. ಇನ್ನು ಹಲವರ ಹೆಸರಿನ ಹಿಂದೆ ಗಂಡನೂ ಇಲ್ಲ, ತಂದೆಯೂ ಇಲ್ಲ, ಕುಲವೂ ಇಲ್ಲ. ಇರುವುದು ಅವಳ ಕೈಕೆಲಸ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವವಳು ಆಯ್ದಕ್ಕಿ ಲಕ್ಕಮ್ಮ. ನೂಲು ತೆಗೆಯುವವಳು ಕದಿರ ರೆಮ್ಮವ್ವೆ. ಭತ್ತ ಕುಟ್ಟುವವಳು ಕೊಟ್ಟಣದ ಸೋಮಮ್ಮ. ಸೌದೆಯ ಹೊರೆಯ ಮನೆಯವಳು ಮೋಳಿಗೆ ಮಹಾದೇವಿ. ಲೋಕ ಹೀನವೆಂದ ವೃತ್ತಿಯಿಂದ ಬಂದವಳನ್ನೂ ಮರೆಮಾಡದೆ ಸೂಳೆ ಸಂಕವ್ವೆ ಎಂದೇ ಬರೆದಿಟ್ಟರು. ರೋಮಿನ ಮಹಾಕುಲಗಳ ಕಾರ್ನೀಲಿಯಾರಿಗೆ ದೊರೆಯದ ಗುರುತು ಕಲ್ಯಾಣದ ಈ ಬಡ ಹೆಂಗಸರಿಗೆ ದೊರೆಯಿತು, ಬೇರೆಯವರು ಕೊಟ್ಟ ಹೆಸರಿಗೆ ತಾವು ದುಡಿದ ದುಡಿಮೆ ಸೇರಿ ಅದು ತಮ್ಮದೇ ಆಯಿತು. ಆರುನೂರು ವರ್ಷಗಳ ತರುವಾಯ ಚಿತ್ರದುರ್ಗದ ಕೋಟೆಯ ಕಿಂಡಿಯಲ್ಲಿ ಹೈದರಾಲಿಯ ಸೈನಿಕರನ್ನು ತಡೆದವಳ ಹೆಸರಿನ ಓಬ ಎಂಬ ಭಾಗ ಅಹೋಬಲದ ನರಸಿಂಹನಿಗೆ ಸೇರಿದ್ದು, ಅವ್ವ ಎಂಬುದು ಎಲ್ಲರಿಗೂ ಸೇರಿದ್ದು. ಒನಕೆ ಎಂಬುದು ಅವಳು ಸಂಪಾದಿಸಿದ್ದು.

ದೈವದ ಹೆಸರನ್ನು ಮಗಳಿಗಿಡುವಲ್ಲಿ ಸ್ಪೇನ್ ದೇಶಕ್ಕೂ ನಮ್ಮ ನಾಡಿಗೂ ಇರುವ ಸಾಮ್ಯ ಗಮನಾರ್ಹವಾದುದು. ದೇವಮಾತೆ ಮರಿಯಳ ಹೆಸರನ್ನು ಅವಳ ವಿಶೇಷಣಗಳೊಡನೆ ಸೇರಿಸಿ ಇಡುತ್ತ, ಕ್ರಮೇಣ ವಿಶೇಷಣವನ್ನೇ ಹೆಸರಾಗಿ ಉಳಿಸಿಕೊಂಡರು ಆ ಜನ. ಹೀಗೆ ಸಂಕಟಗಳ ಮಾತೆಯಿಂದ ಡೊಲೊರೆಸ್, ಕರುಣೆಯ ಮಾತೆಯಿಂದ ಮೆರ್ಸೆಡಿಸ್, ಏಕಾಂತದ ಮಾತೆಯಿಂದ ಸೊಲೆದಾದ್, ಸಾಂತ್ವನದ ಮಾತೆಯಿಂದ ಕೊನ್ಸುವೆಲೊ ಹುಟ್ಟಿಕೊಂಡವು. ಕಾರ್ಮೆಲ್ ಪರ್ವತದಿಂದ ಕಾರ್ಮೆನ್, ಸರಗೋಸಾ ನಗರದಲ್ಲಿ ಆಕೆ ಕಂಬದ ಮೇಲೆ ದರ್ಶನವಿತ್ತಳೆಂಬ ನಂಬಿಕೆಯಿಂದ ಕಂಬ ಎಂಬ ಅರ್ಥದ ಪಿಲಾರ್. ಒಬ್ಬಳೇ ತಾಯಿ, ಕ್ಷೇತ್ರಕ್ಕೊಂದು ಹೆಸರು. ಬಾದಾಮಿಯ ಸೀಮೆಯಲ್ಲಿ ಬನಶಂಕರಿ, ಕೊಲ್ಲೂರಿನ ಸುತ್ತ ಮೂಕಾಂಬಿಕೆ, ಸವದತ್ತಿಯ ಕಡೆ ಎಲ್ಲಮ್ಮ, ತುಂಗಭದ್ರೆಯ ದಂಡೆಯಲ್ಲಿ ಹುಲಿಗೆಮ್ಮ, ಶೃಂಗೇರಿಯ ಮಡಿಲಲ್ಲಿ ಶಾರದೆ ಎಂದು ಹೆಣ್ಣುಮಕ್ಕಳನ್ನು ಕರೆಯುವ ನಮಗೆ ಇದನ್ನು ವಿವರಿಸಬೇಕಾದ ಅಗತ್ಯವೇ ಇಲ್ಲ. ಎಮಿಲ್ ಯೆಲ್ಲಿನೆಕ್ ಎಂಬ ವ್ಯಾಪಾರಿ ಕಳೆದ ಶತಮಾನದ ಆರಂಭದಲ್ಲಿ ತನ್ನ ಮಗಳ ಹೆಸರನ್ನು ಮೋಟಾರು ವಾಹನಕ್ಕಿಟ್ಟುದರಿಂದ, ಕರುಣಾಮಯಿಯ ಆ ಹೆಸರು ಇಂದು ಜಗತ್ತಿನ ರಸ್ತೆಗಳಲ್ಲೆಲ್ಲ ಓಡಾಡುತ್ತಿದೆ.

ಪಶ್ಚಿಮ ಆಫ್ರಿಕದ ಘಾನಾ ದೇಶದ ಆಕಾನ್ ಜನರು ಹುಟ್ಟಿದ ವಾರವನ್ನೇ ಮಗುವಿನ ಮೊದಲ ಹೆಸರಾಗಿಡುತ್ತಾರೆ: ಸೋಮವಾರದವಳು ಅಜ್ವೋವಾ, ಮಂಗಳವಾರದವಳು ಅಬೆನಾ, ಬುಧವಾರದವಳು ಅಕುವಾ, ಶನಿವಾರದವಳು ಅಮಾ. ೧೯೦೦ರಲ್ಲಿ, ತನ್ನ ಜನರ ಆತ್ಮವೇ ನೆಲೆಸಿದೆಯೆಂದು ನಂಬಲಾದ ಸುವರ್ಣಪೀಠವನ್ನು ಬ್ರಿಟಿಷರು ಬೇಡಿದಾಗ ಅವರ ವಿರುದ್ಧ ಯುದ್ಧವನ್ನು ಮುನ್ನಡೆಸಿ, ಸೆರೆಯಾಗಿ, ದೂರದ ಸೆಶೆಲ್ಸ್ ದ್ವೀಪದಲ್ಲಿ ೧೯೨೧ರಲ್ಲಿ ಮೃತಳಾದ ರಾಜಮಾತೆ ಯಾ ಅಸಾಂತೆವಾ ಗುರುವಾರ ಹುಟ್ಟಿದವಳೆಂಬುದು ಅವಳ ಹೆಸರಿನಿಂದಲೇ ತಿಳಿಯುತ್ತದೆ. ಝಾರ್ಖಂಡದ ಆದಿವಾಸಿಗಳಲ್ಲಿ ಸೋಮರಿ, ಮಂಗ್ರಿ, ಬುಧನಿ, ಸನಿಚರಿ ಎಂಬ ಹೆಸರುಗಳು ಹೀಗೆಯೇ ಬಂದವು. ನೈಜೀರಿಯದ ಯೊರುಬಾ ಜನರಲ್ಲಿ, ಅಜ್ಜಿ ತೀರಿಕೊಂಡ ಮೇಲೆ ಹುಟ್ಟಿದ ಹೆಣ್ಣುಮಗುವಿಗೆ ಯೆತುಂದೆ ಎಂದು ಹೆಸರಿಡುವರು. ತಾಯಿ ಮರಳಿ ಬಂದಳು ಎಂದು ಅದರ ಅರ್ಥ. ಅತ್ತೆಯ ಹೆಸರನ್ನು ಮಗಳಿಗಿಟ್ಟು, ಆ ಹೆಸರನ್ನು ಬಾಯಿಬಿಟ್ಟು ಕರೆಯಲಾರದೆ ಪುಟ್ಟಿ, ಪಾಪು, ಅಮ್ಮಿ ಎಂದು ಬಾಳೆಲ್ಲ ಕರೆದ ನಮ್ಮ ಸೊಸೆಯಂದಿರು ಆ ಭಾವವನ್ನು ಒಡನೆಯೇ ಅರಿಯಬಲ್ಲರು.

ಕವಿಗಳು ಹುಟ್ಟಿಸಿದ ಹೆಸರುಗಳೂ ಇವೆ. ವೆಂಡಿ ಎಂಬ ಹೆಸರು ಲೋಕಪ್ರಿಯವಾದದ್ದು ೧೯೦೪ರಲ್ಲಿ ರಂಗಕ್ಕೆ ಬಂದ ಜೇಮ್ಸ್ ಬ್ಯಾರಿಯ ಪೀಟರ್ ಪ್ಯಾನ್ ನಾಟಕದಿಂದ. ಕವಿ ಹೆನ್ಲಿಯ ಪುಟ್ಟ ಮಗಳು ಮಾರ್ಗರೆಟ್ ತನ್ನ ಪ್ರೀತಿಯ ಗೆಳೆಯನಾದ ಬ್ಯಾರಿಯನ್ನು ಫ್ರೆಂಡಿ ಎಂದು ಕರೆಯಹೋಗಿ, ರೇಫ ಹೊರಳದೆ ಫ್ವೆಂಡಿ ಎನ್ನುತ್ತಿದ್ದಳಂತೆ. ಆ ಕೂಸು ಐದು ವರ್ಷದಲ್ಲಿ ತೀರಿಕೊಂಡಿತು, ಅದರ ತೊದಲು ಸಾವಿರಾರು ಹೆಣ್ಣುಮಕ್ಕಳ ಹೆಸರಾಗಿ ಉಳಿಯಿತು. ರಷ್ಯದ ಸ್ವೆತ್ಲಾನಾ ಕೂಡ ಕಾವ್ಯದಿಂದ ಬಂದವಳು. ಜುಕೋವ್‌ಸ್ಕಿಯ ೧೮೧೩ರ ಕಥನಗೀತ ಆ ಹೆಸರನ್ನು ಎಲ್ಲರ ನಾಲಿಗೆಗೆ ತಂದರೂ, ಸಂತರ ಪಟ್ಟಿಯಲ್ಲಿ ಇಲ್ಲದ ಕಾರಣ ಚರ್ಚು ಅದನ್ನು ದೀಕ್ಷೆಯಲ್ಲಿ ಇಡಗೊಡುತ್ತಿರಲಿಲ್ಲ. ಕ್ರಾಂತಿಯ ತರುವಾಯ ಅದು ದೇಶವನ್ನೆಲ್ಲ ವ್ಯಾಪಿಸಿತು, ಸ್ಟಾಲಿನ್ನನೂ ೧೯೨೬ರಲ್ಲಿ ಹುಟ್ಟಿದ ಮಗಳಿಗೆ ಅದನ್ನೇ ಇಟ್ಟನು. ಬೆಳಕೆಂಬ ಅರ್ಥದ ಅದರ ಮೂಲಶಬ್ದಕ್ಕೂ ನಮ್ಮ ಶ್ವೇತಾ ಎಂಬ ಹೆಸರಿಗೂ ಧಾತು ಒಂದೇ.

ಇಷ್ಟು ಹೇಳಿ, ಹೇಳಲು ನಾಲಿಗೆ ಹಿಂಜರಿಯುವ ಹೆಸರುಗಳ ಕಡೆಗೆ ಬರಬೇಕಾಗಿದೆ. ತುರ್ಕಿಯಲ್ಲಿ ಯೆತೆರ್ ಎಂಬ ಹೆಣ್ಣಿನ ಹೆಸರಿದೆ, ಸಾಕು ಎಂದು ಅರ್ಥ. ಸೊಂಗ್ಯುಲ್ ಎಂದರೆ ಕೊನೆಯ ಗುಲಾಬಿ. ಚೀನದಲ್ಲಿ ಝಾವೊದಿ, ಲೈದಿ, ಪಾನ್‌ದಿ ಎಂಬ ಹೆಸರುಗಳಿವೆ. ತಮ್ಮನನ್ನು ಕರೆತಾ, ತಮ್ಮ ಬರಲಿ, ತಮ್ಮನಿಗಾಗಿ ಹಂಬಲಿಸು ಎಂದು ಅವುಗಳ ಅರ್ಥ. ಹುಟ್ಟಿದ ಮಗುವಿನ ಹೆಸರಿನಲ್ಲಿ ಹುಟ್ಟದಿರುವ ಮಗುವಿನ ನಿರೀಕ್ಷೆಯೇ ತುಂಬಿದೆ. ಹರಿಯಾಣದಲ್ಲಿ ಭತೇರಿ, ಧಾರಾಳವಾಯಿತು ಎಂದು, ತಮಿಳುನಾಡಿನ ಕೆಲವು ಹಳ್ಳಿಗಳಲ್ಲಿ ನೇರವಾಗಿ ವೇಂಡಾ, ಬೇಡ ಎಂದು, ನಮ್ಮಲ್ಲಿ ಸಾಕಮ್ಮ. ಎಲ್ಲ ಸಾಕಮ್ಮಂದಿರ ಹೆಸರಿಗೂ ಇದೇ ಮೂಲವೆಂದು ಹೇಳುವುದು ಅನ್ಯಾಯವಾದೀತು, ಸಾಕಿ ಸಲಹಿದವಳು ಎಂಬ ಅರ್ಥಕ್ಕೂ ಆ ಹೆಸರು ಒಪ್ಪುತ್ತದೆ. ಬೆಂಗಳೂರಿನಲ್ಲಿ ಕಾಫಿಯ ಉದ್ಯಮವನ್ನು ಕಟ್ಟಿ ಕಾಫಿಪುಡಿ ಸಾಕಮ್ಮ ಎಂದು ಖ್ಯಾತರಾದ ಮಹಿಳೆ ಶರಣೆಯರಂತೆಯೇ ತಮ್ಮ ಕಾಯಕವನ್ನು ಆ ಹೆಸರಿನ ಮುಂದೆ ನಿಲ್ಲಿಸಿದರು.

ಈ ಹೆಸರುಗಳನ್ನು ತಿಪ್ಪವ್ವ, ಕಲ್ಲವ್ವ, ಗುಂಡವ್ವ ಎಂಬ ಹೆಸರುಗಳೊಡನೆ ಬೆರೆಸಬಾರದು. ಹುಟ್ಟಿದ ಮಕ್ಕಳೆಲ್ಲ ಕೈಜಾರಿಹೋದ ಮೇಲೆ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು, ಮೃತ್ಯು ಇದನ್ನು ಬಯಸದಿರಲೆಂದು ತಿಪ್ಪವ್ವ ಎಂದವಳ ಪ್ರೀತಿಗೆ ಎಣೆಯಿಲ್ಲ. ಯೊರುಬಾ ತಾಯಂದಿರು ಅಂತಹ ಮಗುವನ್ನೇ ಮಾಲೊಮೊ, ಇನ್ನೊಮ್ಮೆ ಹೋಗಬೇಡ, ಎಂದು ಕರೆದು ಬೇಡಿಕೊಳ್ಳುವರು. ತಿಪ್ಪವ್ವ ಎಂಬುದು ಸಾವಿಗೆ ಹೇಳಿದ ಸುಳ್ಳು. ಸಾಕು ಎಂಬುದು ಮಗಳಿಗೇ ಹೇಳಿದ ಮಾತು. ಅವಳು ಶಾಲೆಯ ಹಾಜರಿಯಲ್ಲಿ, ಮದುವೆಯ ಕರೆಯೋಲೆಯಲ್ಲಿ, ತನ್ನ ಮಕ್ಕಳೆದುರಿನಲ್ಲಿ ಅದನ್ನು ದಿನವೂ ಕೇಳಬೇಕು.

ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ಇಂತಹ ಹೆಣ್ಣುಮಕ್ಕಳಿಗೆ ನಕೋಶಿ, ನಕೂಸಾ, ಅಂದರೆ ಬೇಡವಾದವಳು, ಎಂಬ ಹೆಸರು ರೂಢಿಯಲ್ಲಿದ್ದಿತು. ೨೦೧೧ರಲ್ಲಿ ಅಲ್ಲಿಯ ಜಿಲ್ಲಾ ಅಧಿಕಾರಿಗಳು ಊರೂರುಗಳಿಂದ ಈ ಹೆಸರಿನ ಬಾಲಿಕೆಯರನ್ನು ಹುಡುಕಿಸಿ, ಅಕ್ಟೋಬರ್ ತಿಂಗಳಲ್ಲಿ ಒಂದು ಸಮಾರಂಭವನ್ನು ಏರ್ಪಡಿಸಿದರು. ಸುಮಾರು ೨೮೦ ಮಂದಿ ಹುಡುಗಿಯರು ಒಳ್ಳೆಯ ಉಡುಪು ತೊಟ್ಟು, ತಲೆ ಬಾಚಿಕೊಂಡು ಬಂದು ಸಾಲಾಗಿ ನಿಂತು, ಹೊಸ ಹೆಸರನ್ನು ಬರೆದ ಪ್ರಮಾಣಪತ್ರಗಳನ್ನು ಪಡೆದರು. ಆ ಹೆಸರುಗಳನ್ನು ಆರಿಸುವಲ್ಲಿ ಹುಡುಗಿಯರದೇ ಮಾತು ನಡೆಯಿತು. ಕೆಲವರು ಚಲನಚಿತ್ರದ ತಾರೆಯನ್ನು ನೆನೆದು ಐಶ್ವರ್ಯಾ ಎಂದರು, ಕೆಲವರು ಸಾವಿತ್ರಿ ಎಂದರು, ಕೆಲವರು ವೈಶಾಲಿ ಎಂದರು. ಮುಂದೆ ಶಾಲೆಯ ಹಾಜರಿಪುಸ್ತಕಗಳಲ್ಲಿ ಅವೇ ಹೆಸರುಗಳು ಬರೆಯಲ್ಪಡತಕ್ಕದ್ದೆಂದು ಗೊತ್ತುಮಾಡಲಾಯಿತು.